ನಾಲಿಗೆಗೆ ಸಿಗದ್ದು

ಸಾಬೂನು ನೊರೆ ಬಿಡದಿದ್ದರೆ ಅದು ಗಡಸು ನೀರು
ಎಂದು ಬೀಬಿಸಾರಾ ಅಜ್ಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಅರವತ್ತು ವರ್ಷದ ಸೊಸೆತನದಲ್ಲಿ
ಎಷ್ಟು ಅಂಗಿ ಉಜ್ಜಿದ್ದಾಳೋ, ಕೆಟಲಿನ ತಳದಿಂದ
ಎಷ್ಟು ಬಿಳಿ ಹಕ್ಕಳೆ ಕೆರೆದಿದ್ದಾಳೋ.
ಅರಾಲ್ ಸಮುದ್ರ ಅಂತ ಒಂದಿತ್ತು, ಹೋಯಿತು;
ಹೋಗುವಾಗ ಉಪ್ಪನ್ನು ಮಾತ್ರ ಬಿಟ್ಟುಹೋಯಿತು,
ನೆಂಟರು ಎದ್ದುಹೋದ ಮೇಲೆ
ಉಳಿದ ಎಂಜಲು ತಟ್ಟೆಗಳ ಹಾಗೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ನೀರೇ ಉಪ್ಪು ತಿಂದು ಕೂತರೆ
ಅದು ಏನು ಕುಡಿಯಬೇಕು?

ಪರಾಖತ್ ವ್ಯಾನಿನಿಂದ ಇಳಿದಳು.
ಬಗಲಲ್ಲಿ ನೀಲಿ ಪೆಟ್ಟಿಗೆ, ಕಿವಿಯ ಮೇಲೆ ಪೆನ್ಸಿಲ್ಲು,
ಬೂಟಿನ ತುಂಬ ಬಿಳಿ ಧೂಳು.
ಈ ಬೀದಿಗೆ ಎರಡು ಕೈಪಂಪು.
ರಸ್ತೆ ಬದಿಯದು ಉಪ್ಪು, ಒಂಟೆಗೂ ಬೇಸರ.
ಕುರಿಹಟ್ಟಿಯ ಹಿಂದಿನದು ಸಿಹಿ:
ಮದುವೆಗೆ, ಸಾವಿನ ಮನೆಯ ಚಹಾಕ್ಕೆ
ಮೂರು ಬೀದಿಯಾಚೆಯಿಂದ ಬಕೆಟು ಹಿಡಿದು ಬರುತ್ತಾರೆ.
"ಇದನ್ನೇನು ಅಳೆಯುತ್ತೀ, ಕುಡಿದು ನೋಡು" ಅಂದಳು ಅಜ್ಜಿ.

ಕುಡಿದಳು. ಸಿಹಿಯೇ.
ಆದರೂ ಅಳೆದಳು.

ಉದ್ದ ಕೊಳವೆಯ ತಳಕ್ಕೆ ಒಂದು ಕರಿ ಕತ್ತರಿಗುರುತು;
ನೀರು ಸುರಿಯುತ್ತ ಸುರಿಯುತ್ತ ಮೇಲಿನಿಂದ ಇಣುಕುವುದು,
ಗುರುತು ಮಾಯವಾದಲ್ಲಿ ನಿಲ್ಲಿಸುವುದು. ಅದು ಬಗ್ಗಡದ ಲೆಕ್ಕ.
ಗುರುತು ಕೊನೆತನಕ ಕಂಡಿತು.
"ನಾನು ಬಟ್ಟಲ ತಳದ ಹೂವು ನೋಡುತ್ತೇನೆ,
ಅಷ್ಟೇ ತಾನೆ?"
ಅಷ್ಟೇ.

ಪಿಎಚ್ ಏಳೂವರೆಯ ಆಸುಪಾಸು:
ಹುಳಿಯತ್ತ ವಾಲಿಲ್ಲ, ಕ್ಷಾರದತ್ತ ಜಾರಿಲ್ಲ.
ಕರಗಿದ ಲವಣ ಲೀಟರಿಗೆ ನಾನೂರ ಎಂಬತ್ತು ಮಿಲಿಗ್ರಾಂ;
ಉಪ್ಪು ಪಂಪಿನದು ಎರಡು ಸಾವಿರದ ಮೇಲೆ.
ಅಜ್ಜಿ ಗೆದ್ದವಳ ಹಾಗೆ ತಲೆವಸ್ತ್ರ ಸರಿಮಾಡಿಕೊಂಡಳು.

ಕೋಲಿಫಾರ್ಮಿಗೆ ಅವಸರವಿಲ್ಲ.
ಸೋಸುಕಾಗದದ ಮೇಲೆ ಹಿಡಿದು, ಬ್ಯಾಟರಿಗೆ ಜೋಡಿಸಿದ ಡಬ್ಬಿಯಲ್ಲಿ
ಮೈಗಿಂತ ತುಸು ಹೆಚ್ಚು ಬೆಚ್ಚಗೆ ಇಟ್ಟು
ಒಂದು ಹಗಲು ಒಂದು ರಾತ್ರಿ ಕಾಯಬೇಕು,
ಕೋಳಿ ಕಾವಿಗೆ ಕೂತ ಹಾಗೆ. ನಾಳೆ ಹಳದಿ ಚುಕ್ಕಿ
ಎದ್ದರೆ ಎದ್ದಿತು.

ನೈಟ್ರೇಟು ಕಾಯಿಸಲಿಲ್ಲ.
ಪುಡಿ ಬಿದ್ದು ಕುಲುಕಿದ್ದೇ ನೀರು ಗುಲಾಬಿಯಾಯಿತು,
ನೋಡನೋಡುತ್ತ ದಾಳಿಂಬೆಯಾಯಿತು.
ಬಣ್ಣದ ಪಟ್ಟಿಗೆ ಹಿಡಿದಳು, ಮತ್ತೆ ಹಿಡಿದಳು,
ಬಿಸಿಲಿಗೆ ಬೆನ್ನುಮಾಡಿ ಮೂರನೇ ಸಲ.
ತೊಂಬತ್ತು.
ಐವತ್ತು ದಾಟಬಾರದು.

"ಇದರ ರುಚಿ ಹೇಗಿರುತ್ತೆ?"
"ರುಚಿ ಇಲ್ಲ ಅಜ್ಜಿ."
"ವಾಸನೆ?"
"ಇಲ್ಲ."
"ಕುದಿಸಿದರೆ?"
"ನೀರು ಆವಿಯಾಗುತ್ತೆ, ಇದು ಉಳಿಯುತ್ತೆ.
ಇನ್ನೂ ಗಟ್ಟಿಯಾಗುತ್ತೆ."

ಕುರಿಹಟ್ಟಿ. ನಲವತ್ತು ವರ್ಷದ ಗೊಬ್ಬರ,
ನಲವತ್ತು ಚಳಿಗಾಲದ ಹಿಮ ಕರಗಿ ಕೆಳಗಿಳಿದ ದಾರಿ.
ಯಾರೂ ತಪ್ಪು ಮಾಡಿರಲಿಲ್ಲ;
ಕುರಿ ಕಟ್ಟಿದ್ದರು, ಕುರಿ ಬೆಳೆದಿದ್ದವು.

ಒಳಗೆ ಮೊಮ್ಮಗನ ಹೆಂಡತಿ ಗುಲ್ಪಾರ್ಶಿನ್
ಬಾಟಲಿಯಲ್ಲಿ ಪುಡಿಹಾಲು ಕುಲುಕುತ್ತಿದ್ದಳು.
ಎದೆಹಾಲು ಬತ್ತಿ ಹದಿನೈದು ದಿನ. ಮಗುವಿಗೆ ಎರಡು ತಿಂಗಳು.
ಊರಿನ ಅತಿ ಒಳ್ಳೆಯ ನೀರನ್ನೇ
ಅದಕ್ಕೆಂದು ಎತ್ತಿಟ್ಟಿದ್ದರು.

ಪರಾಖತ್ ಮಗುವಿನ ತುಟಿ ನೋಡಿದಳು, ಉಗುರು ನೋಡಿದಳು.
ನೀಲಿ ಇಲ್ಲ.
ಸಂಖ್ಯೆ ಬರೆಯಬೇಕಿತ್ತು; ಪೆನ್ಸಿಲ್ಲು ಎಲ್ಲೆಂದು ಹುಡುಕಿದಳು,
ಅದು ಕಿವಿಯ ಮೇಲೇ ಇತ್ತು.

ಬಾಟಲಿ ಕಿತ್ತುಕೊಂಡು ಹೊಸ್ತಿಲಾಚೆ ಚೆಲ್ಲಿದವಳು ಅಜ್ಜಿಯೇ.
ಟ್ಯಾಂಕರು ಬರುವುದು ಗುರುವಾರ;
ಕ್ಲೋರಿನ್ ನಾತಕ್ಕೆ 'ಆಸ್ಪತ್ರೆ ನೀರು' ಎಂದು ಹೆಸರಿಟ್ಟು
ಇಷ್ಟು ವರ್ಷ ಗಿಡಕ್ಕೂ ಹಾಕಿರಲಿಲ್ಲ.
ಅಲ್ಲಿಯವರೆಗೆಂದು ಪರಾಖತ್ ವ್ಯಾನಿನಿಂದ
ತನ್ನ ಕುಡಿಯುವ ಕ್ಯಾನು ಇಳಿಸಿ ಹೋದಳು.

ಸಂಜೆ ಅಜ್ಜಿ ಪಂಪಿನ ಬಳಿ ಒಬ್ಬಳೇ ನಿಂತು
ಒಂದು ಬಟ್ಟಲು ಹಿಡಿದಳು.
ಕಣ್ಣು ಮುಚ್ಚಿ, ನಾಲಿಗೆಯ ತುದಿಯಲ್ಲಿ, ಬದಿಯಲ್ಲಿ,
ಗಂಟಲ ಬಳಿ ತಡೆದು ನಿಲ್ಲಿಸಿ
ಹುಡುಕಿದಳು.
ಮತ್ತೊಂದು ಗುಟುಕು.
ಸಿಹಿಯೇ.